ಹೆಸರಿಗೆ ಎಷ್ಟು ಜಾಗ ಬೇಕು?

ಮಂಡ್ಯ, ಮದ್ದೂರು, ಮಳವಳ್ಳಿ. ನಮ್ಮ ಈ ಮೂರೂ ಊರುಗಳ ಹೆಸರಿನಲ್ಲಿ ಒಂದೊಂದು ಒತ್ತಕ್ಷರ ಇದೆ. ಇದನ್ನು ನಾನು ಗಮನಿಸಿದ್ದು ಕನ್ನಡ ತರಗತಿಯಲ್ಲಿ ಅಲ್ಲ, ಎಕ್ಸೆಲ್‌ನಲ್ಲಿ. ಸಾಲಿನ ಎತ್ತರವನ್ನು ಇಂಗ್ಲಿಷ್ ಅಕ್ಷರದ ಲೆಕ್ಕಕ್ಕೆ ಇಟ್ಟರೆ ಕೆಳಗಿನ ಒತ್ತು ಕತ್ತರಿಸಿ ಹೋಗುತ್ತದೆ. ಮದ್ದೂರು ‘ಮದೂರು’ ಆಗುತ್ತದೆ, ಮಳವಳ್ಳಿ ‘ಮಳವಳಿ’ ಆಗುತ್ತದೆ. ನಮ್ಮ ಮನೆಯ ಅಬ್ಬಾ, ಅಮ್ಮಿ ಇಬ್ಬರ ಗತಿಯೂ ಅಷ್ಟೆ.

ಅಬ್ಬಾ ಮದ್ದೂರಿನಲ್ಲಿ ಎಳನೀರು ವ್ಯಾಪಾರ ಮಾಡುತ್ತಾರೆ. ರೈತರಿಂದ ಕೊಂಡು ಲಾರಿಗೆ ತುಂಬಿಸುತ್ತಾರೆ. ಮೊದಲು ದಾದಾ ಉರ್ದುವಿನಲ್ಲಿ ಖಾತೆ ಬರೆಯುತ್ತಿದ್ದರು. ಈಗ ಲೆಕ್ಕ ಕಂಪ್ಯೂಟರಿನಲ್ಲಿದೆ, ರೈತರಿಗೆ ಕನ್ನಡದಲ್ಲಿ ಚೀಟಿ ಹೋಗುತ್ತದೆ. ಯಾರೋ ಮಾಡಿಕೊಟ್ಟ ಶೀಟ್ ಅದು. ನಾನು ಕಾಮರ್ಸ್ ಸೇರಿದ ಮೇಲೆ ಸಂಜೆ ಹೊತ್ತು ಅದನ್ನು ನೋಡಿಕೊಳ್ಳುವ ಕೆಲಸ ನನಗೆ ಬಂತು.

ಒಂದು ದಿನ ಮಳವಳ್ಳಿ ಕಡೆಯ ಗೌಡರೊಬ್ಬರು ಚೀಟಿ ಹಿಡಿದು ಬಂದು, “ಸಾಬ್ರೆ, ನನ್ ಹೆಸ್ರು ಅರ್ಧಕ್ಕೆ ನಿಂತೋಗದಲ್ಲ, ಇದು ನಂದೋ ಇನ್ನೊಬ್ಬಂದೋ?” ಎಂದರು. ತಮಾಷೆಗೆ ಕೇಳಿದ್ದಲ್ಲ. ಅವರ ಊರಿನಲ್ಲೇ ‘ಚಿಕ್ಕಸಿದ್ದ’ ಎಂದು ಶುರುವಾಗುವ ಹೆಸರು ಇನ್ನೊಬ್ಬರದೂ ಇದೆ. ಒಬ್ಬರದು ‘ಗೌಡ’ ಎಂದು ಮುಗಿಯುತ್ತದೆ, ಇನ್ನೊಬ್ಬರದು ‘ಅಯ್ಯ’ ಎಂದು. ಕಾಲಂ ಕಿರಿದಾಗಿದ್ದರಿಂದ ಚೀಟಿಯಲ್ಲಿ ಇಬ್ಬರೂ ಒಂದೇ ಮನುಷ್ಯ ಆಗಿದ್ದರು. ನಮ್ಮ ಕಾಲೇಜಿನ ಹಾಜರಿ ಪಟ್ಟಿ ನೆನಪಿಸಿಕೊಳ್ಳಿ: ‘ಮೊಹಮ್ಮದ್’ ಆದ ಮೇಲೆ ಕಾಲಂ ಮುಗಿದರೆ ಎಷ್ಟು ಜನ ‘ಪ್ರೆಸೆಂಟ್ ಸರ್’ ಅನ್ನಬೇಕು?

ಎಕ್ಸೆಲ್‌ನ ಸ್ವಭಾವ ಇಲ್ಲಿ ವಿಚಿತ್ರ. ಕಾಲಂನಲ್ಲಿ ಸಂಖ್ಯೆಯೋ ದಿನಾಂಕವೋ ಹಿಡಿಸದಿದ್ದರೆ ಅದು ##### ಎಂದು ತೋರಿಸುತ್ತದೆ. ಎಲ್ಲರೂ ಇದನ್ನು ಎರರ್ ಅಂದುಕೊಂಡು ಬೈಯುತ್ತಾರೆ. ನನಗೆ ಅದು ಪ್ರಾಮಾಣಿಕತೆ ಅನ್ನಿಸುತ್ತದೆ. 1,25,000 ಎಂಬುದನ್ನು 1,25 ಎಂದು ಅರ್ಧ ತೋರಿಸುವುದಕ್ಕಿಂತ ಏನೂ ತೋರಿಸದಿರುವುದು ಮೇಲು. ಆದರೆ ಹೆಸರಿಗೆ ಈ ಮರ್ಯಾದೆ ಇಲ್ಲ. ಪಕ್ಕದ ಕೋಶ ಖಾಲಿ ಇದ್ದರೆ ಹೆಸರು ಅಲ್ಲಿಗೆ ಚಾಚಿಕೊಳ್ಳುತ್ತದೆ. ಪಕ್ಕದಲ್ಲಿ ಊರಿನ ಹೆಸರು ಇದ್ದರೆ ಸದ್ದಿಲ್ಲದೆ ಕತ್ತರಿಸುತ್ತದೆ. ಲಿಬ್ರೆ ಆಫೀಸ್ ಕ್ಯಾಲ್ಕ್‌ನಲ್ಲಿ ಹೀಗಾದಾಗ ಕೋಶದ ಅಂಚಿನಲ್ಲಿ ಸಣ್ಣ ಕೆಂಪು ತ್ರಿಕೋನ ಬರುತ್ತದೆ. ಅಷ್ಟಾದರೂ ಸೂಚನೆ ಬೇಕು.

ಅಳತೆಯನ್ನೂ ನೋಡಿ. ಕಾಲಂನ ಮಾಮೂಲಿ ಅಗಲ 8.43. ಇದು ಸೆಂಟಿಮೀಟರ್ ಅಲ್ಲ, ಇಂಚೂ ಅಲ್ಲ. ಮಾಮೂಲಿ ಫಾಂಟಿನ ‘0’ ಅಂಕಿ ಎಷ್ಟು ಹಿಡಿಸುತ್ತದೆ ಎಂಬ ಲೆಕ್ಕ. ಸೊನ್ನೆಯಿಂದ ಅಳೆದ ಜಾಗದಲ್ಲಿ ‘ಮೊ’ ಬಂದು ಕೂತರೆ ಇಕ್ಕಟ್ಟಾಗದೆ ಇರುತ್ತದೆಯೇ? 1979ರಲ್ಲಿ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಆಪಲ್ ಕಂಪ್ಯೂಟರಿಗೆ ಮಾಡಿದ ವಿಸಿಕ್ಯಾಲ್ಕ್‌ನಲ್ಲಂತೂ ಎಲ್ಲ ಕಾಲಂಗಳಿಗೂ ಒಂದೇ ಅಗಲ ಇತ್ತು. ಹೆಸರಿಗೆಂದು ಅಗಲಿಸಿದರೆ ಕ್ರಮಸಂಖ್ಯೆಯ ಕಾಲಂ ಕೂಡ ದಪ್ಪಗಾಗುತ್ತಿತ್ತು. ಆ ಲೆಕ್ಕದಲ್ಲಿ ನಾವು ಪುಣ್ಯವಂತರು.

ಕಾಲಂನ ಗೆರೆಯ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಅತಿ ಉದ್ದದ ಹೆಸರಿಗೆ ತಕ್ಕಂತೆ ಅಗಲವಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಆದರೆ ಒಬ್ಬರ ಉದ್ದ ಹೆಸರಿಗಾಗಿ ಇಡೀ ಕಾಲಂ ಬೆಳೆದು, ಪ್ರಿಂಟ್ ಕೊಟ್ಟಾಗ ಮೊತ್ತದ ಕಾಲಂ ಬೇರೆ ಹಾಳೆಗೆ ಹೋಗಿ ಕೂರುತ್ತದೆ. ದುಡ್ಡು ಒಂದು ಹಾಳೆಯಲ್ಲಿ, ಹೆಸರು ಇನ್ನೊಂದರಲ್ಲಿ! ಅದಕ್ಕೆ ನಾನು ಹೆಸರಿನ ಕಾಲಂಗೆ 24 ಎಂದು ಅಗಲ ಕೊಟ್ಟು, ‘ವ್ರ್ಯಾಪ್ ಟೆಕ್ಸ್ಟ್’ ಹಾಕಿದೆ. ಉದ್ದ ಹೆಸರು ಎರಡು ಸಾಲಿಗೆ ಇಳಿಯುತ್ತದೆ. ಸಾಲಿನ ಎತ್ತರವನ್ನೂ ಒತ್ತಕ್ಷರ ಪೂರ್ತಿ ಕಾಣುವಷ್ಟು ಏರಿಸಿದೆ. ಚಂದ ಕಾಣಲೆಂದು ಕೋಶಗಳನ್ನು ಮರ್ಜ್ ಮಾಡುವವರ ಸಹವಾಸ ಮಾತ್ರ ಬೇಡ. ಆಮೇಲೆ ಸಾರ್ಟ್ ಮಾಡಲು ಹೋದಾಗ ತಿಳಿಯುತ್ತದೆ.

ಅಗಲಿಸಿದರೂ ಸರಿಹೋಗದ್ದು ಬ್ಯಾಂಕ್ ಖಾತೆಯ ಸಂಖ್ಯೆ. 11 ಅಂಕಿ ದಾಟಿತೆಂದರೆ 3.1E+11 ಎಂಬಂಥದ್ದು ಬರುತ್ತದೆ, ಕಾಲಂ ಎಷ್ಟು ಎಳೆದರೂ ಅಷ್ಟೆ. ಎಕ್ಸೆಲ್ 15 ಅಂಕಿಗಳನ್ನು ಮಾತ್ರ ನೆನಪಿಟ್ಟುಕೊಳ್ಳುತ್ತದೆ. 16ನೆಯದು ಸೊನ್ನೆ ಆಗಿಬಿಡುತ್ತದೆ. ಮೊದಲಲ್ಲಿರುವ ಸೊನ್ನೆಯೂ ಹೋಗುತ್ತದೆ. ಟೈಪ್ ಮಾಡುವ ಮೊದಲೇ ಆ ಕಾಲಂ ಅನ್ನು ‘ಟೆಕ್ಸ್ಟ್’ ಎಂದು ಬದಲಿಸಬೇಕು. ಸ್ಕಾಲರ್‌ಶಿಪ್ ಪಟ್ಟಿ ಟೈಪ್ ಮಾಡುವ ಗೆಳೆಯರು ಇದನ್ನು ದಯವಿಟ್ಟು ನೆನಪಿಡಿ.

ಇಷ್ಟಾದರೂ ಅಬ್ಬಾಗೆ ಶೀಟ್ ಓದಲು ಕಷ್ಟ. ದಾದಾ ಖಾತೆಯಲ್ಲಿ ಹೆಸರು ಬಲತುದಿಯಲ್ಲಿ, ಮೊತ್ತ ಎಡತುದಿಯಲ್ಲಿ. ಅಬ್ಬಾ ಕಣ್ಣು ಹಾಗೇ ಪಳಗಿದೆ. ಹುಡುಕಿದಾಗ ಇಡೀ ಶೀಟನ್ನು ಬಲದಿಂದ ಎಡಕ್ಕೆ ತಿರುಗಿಸುವ ಆಯ್ಕೆಯೂ ಸಿಕ್ಕಿತು. ‘ಎ’ ಕಾಲಂ ಬಲಗಡೆಗೆ ಹೋಗಿ ನಿಂತಿತು. ಅಬ್ಬಾ ಸ್ವಲ್ಪ ಹೊತ್ತು ನೋಡಿ, “ದಾದಾ ಬರೆದಂಗೇ ಇದೆ” ಎಂದರು. ರೈತರ ಚೀಟಿ ಮಾತ್ರ ಎಡದಿಂದಲೇ ಬೇಕು. ಹಾಗಾಗಿ ಎರಡು ಶೀಟ್ ಇಟ್ಟಿದ್ದೇನೆ: ಅಬ್ಬಾ ನೋಡುವುದು ಒಂದು, ಅದರಿಂದಲೇ ಲೆಕ್ಕ ಎತ್ತಿಕೊಂಡು ಪ್ರಿಂಟ್ ಆಗುವುದು ಇನ್ನೊಂದು.

ಈಗ ಗೌಡರು ಚೀಟಿಯಲ್ಲಿ ಅಪ್ಪನ ಹೆಸರೂ ಇರಲಿ ಎನ್ನುತ್ತಿದ್ದಾರೆ. ಎ4 ಹಾಳೆಯಲ್ಲಿ ಯಾವ ಕಾಲಂನಿಂದ ಜಾಗ ಕೀಳುವುದೆಂದು ಯೋಚಿಸುತ್ತಿದ್ದೇನೆ.