ಅಕ್ಷರಕ್ಕೊಂದು ಉದ್ಯೋಗ

ಊರು ಬಿಟ್ಟು ಮುಂಬಯಿಗೆ ಬಂದವನು ಮೊದಲು ಕೆಲಸ ಹುಡುಕುತ್ತಾನೆ, ಆಮೇಲೆ ಮನೆ ಹುಡುಕುತ್ತಾನೆ, ಇವೆರಡೂ ಕೈಗೂಡಿದ ಮೇಲೆ ಕನ್ನಡವನ್ನು ಹುಡುಕುತ್ತಾನೆ. ಈ ಕ್ರಮವನ್ನು ಯಾರೂ ಆಕ್ಷೇಪಿಸುವಂತಿಲ್ಲ. ಕೆಲಸ ಸಿಕ್ಕದವನು ತಿಂಗಳೆರಡು ತಿಂಗಳು ನೋಡಿ ಊರಿನ ಬಸ್ಸು ಹತ್ತುತ್ತಾನೆ. ಯೋಚಿಸಿ ನೋಡಿದರೆ, ನಮ್ಮ ಜೊತೆಗೆ ಗಂಟು ಕಟ್ಟಿಕೊಂಡು ಬಂದ ಅಕ್ಷರಗಳ ಪಾಡೂ ಇದೇ. ಅವಕ್ಕೂ ಇಲ್ಲಿ ಒಂದು ಉದ್ಯೋಗ ಬೇಕು. ಸಿಕ್ಕದಿದ್ದರೆ ಅವೂ ಹೊರಟುಹೋಗುತ್ತವೆ. ಹೇಳಿ ಹೋಗುವ ಸೌಜನ್ಯ ಕೂಡ ಅವಕ್ಕಿಲ್ಲ.

ನಮ್ಮದು ಗೀಚಿ ಬದುಕುವ ಸಂಸಾರ. ಹಿಂದೆ ಈ ಕಸಬಿನವರನ್ನು ಕಮರ್ಷಿಯಲ್ ಆರ್ಟಿಸ್ಟ್ ಎನ್ನುತ್ತಿದ್ದರು, ಈಗ ಡಿಸೈನರ್ ಎನ್ನುತ್ತಾರೆ. ಹೆಸರು ಬದಲಾದರೂ ಬೆನ್ನುನೋವು ಬದಲಾಗಿಲ್ಲ. ಹಗಲೆಲ್ಲ ನಾವು ಸಾಬೂನಿನ ಹೊದಿಕೆ, ಬಿಸ್ಕತ್ತಿನ ಪೊಟ್ಟಣ, ಔಷಧದ ಡಬ್ಬಿ ಇವುಗಳ ಮೇಲೆ ಇಂಗ್ಲಿಷನ್ನೂ ಹಿಂದಿಯನ್ನೂ ಅಂದವಾಗಿ ಕೂರಿಸುತ್ತೇವೆ. ಆ ಹೊತ್ತಿನಲ್ಲಿ ಕನ್ನಡಕ್ಕೆ ಅಲ್ಲಿ ಕೆಲಸ ಬರುವುದು ಅಪರೂಪ. ಅದರ ಸರದಿ ಏನಿದ್ದರೂ ಸಂಜೆ ಮನೆಗೆ ಬಂದು ಕಾಫಿ ಕುಡಿದ ಮೇಲೆ.

ಆಗ ಬರುವ ಕೆಲಸಗಳಿಗೇನೂ ಬರವಿಲ್ಲ. ಎರಡನೆಯ ಮಹಡಿಯವರ ಮಗಳ ಸೀಮಂತಕ್ಕೆ ಕರೆಯೋಲೆ, ಗಣಪತಿ ಹಬ್ಬಕ್ಕೆ ಹಿಂಬದಿಯ ಪರದೆ, ಯಕ್ಷಗಾನಕ್ಕೆ ಕರಪತ್ರ, ರಾಜ್ಯೋತ್ಸವದ ದಿನ ಹುಡುಗರ ಎದೆಗೆ ಚುಚ್ಚುವ ಬಿಲ್ಲೆ. “ನಿಮಗೇನು, ಐದು ನಿಮಿಷದ ಕೆಲಸ” ಎಂದು ಹೇಳಿ ಕೊಡುತ್ತಾರೆ. ಆ ಐದು ನಿಮಿಷ ರಾತ್ರಿ ಹನ್ನೊಂದಕ್ಕೆ ಮುಗಿಯುತ್ತದೆ. ಸಂಭಾವನೆ ಒಂದು ಬಾಳೆಗೊನೆಯಿಂದ ಒಂದು ನಮಸ್ಕಾರದವರೆಗೆ ಏನೂ ಇರಬಹುದು. ಆದರೂ ಒಲ್ಲೆ ಎನ್ನಲು ನಮಗೆ ಬಾಯಿ ಬರುವುದಿಲ್ಲ. ಹಗಲು ನಾವು ಮಾಡುವ ಪೊಟ್ಟಣವನ್ನು ಲಕ್ಷ ಜನ ಹರಿದು ಎಸೆಯುತ್ತಾರೆ. ರಾತ್ರಿ ಮಾಡಿದ ಕರೆಯೋಲೆಯನ್ನು ನಾಲ್ಕೇ ಮನೆಯವರಾದರೂ ಆಲ್ಬಮ್ಮಿನಲ್ಲಿ ಇಟ್ಟುಕೊಳ್ಳುತ್ತಾರೆ.

ಐದು ನಿಮಿಷದಲ್ಲಿ ಏಕೆ ಮುಗಿಯುವುದಿಲ್ಲ ಎಂಬುದಕ್ಕೆ ನಮ್ಮ ಲಿಪಿಯ ಸ್ವಭಾವವೇ ಕಾರಣ. ದೇವನಾಗರಿಯ ಅಕ್ಷರಗಳು ಒಂದೇ ಶಿರೋರೇಖೆಯ ಕೆಳಗೆ ಒಗ್ಗಟ್ಟಾಗಿ ತೂಗಾಡುತ್ತವೆ. ನಮ್ಮವು ಒಂದೊಂದೂ ತನ್ನ ತಲೆಕಟ್ಟನ್ನು ತಾನೇ ಹೊತ್ತು ಬೇರೆಬೇರೆಯಾಗಿ ಕೂರುತ್ತವೆ, ಸಂಘದ ವಾರ್ಷಿಕ ಸಭೆಯಲ್ಲಿ ಸದಸ್ಯರು ಕೂರುವಂತೆ. ಮೇಲೆ ಗುಡಿಸು, ಬಲಕ್ಕೆ ದೀರ್ಘ, ಕೆಳಗೆ ಒತ್ತಕ್ಷರ. ‘ಸ್ತ್ರೀ’ ಎಂದು ಬರೆಯಬೇಕಾದರೆ ಒಂದೇ ಅಕ್ಷರದ ಕೆಳಗೆ ಎರಡು ಒತ್ತುಗಳಿಗೆ ಜಾಗ ಮಾಡಿಕೊಡಬೇಕು. ಇಂಗ್ಲಿಷಿಗೆಂದು ಅಳೆದಿಟ್ಟ ಸಾಲಿನಲ್ಲಿ ಕನ್ನಡ ಕೂರಿಸಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ‘ದ’ದ ಕೆಳಗೆ ಒಂದು ಚಿಕ್ಕ ಸೀಳು ಬಿಟ್ಟರೆ ‘ಧ’, ‘ಪ’ಕ್ಕೆ ಅದೇ ಸೀಳು ಕೊಟ್ಟರೆ ‘ಫ’. ಗೆರೆ ದಪ್ಪವಾಗಿ ಆ ಸೀಳು ಮುಚ್ಚಿಹೋದರೆ ‘ಧನ’ವು ‘ದನ’ವಾಗುತ್ತದೆ. ಲಕ್ಷ್ಮೀಪೂಜೆಯ ಕರೆಯೋಲೆಯಲ್ಲಿ ಇದು ಸಣ್ಣ ವಿಷಯವೆ?

ಈ ಕಷ್ಟವನ್ನು ಕನ್ನಡಿಗರಷ್ಟೇ ಪಟ್ಟರೆಂದು ತಿಳಿಯಬಾರದು. ಇದೇ ಮುಂಬಯಿಯಲ್ಲಿ ರಘುನಾಥ ಕೃಷ್ಣ ಜೋಶಿ ಎಂಬ ಮಹನೀಯರಿದ್ದರು (1936–2008). ಮರಾಠಿಯಲ್ಲಿ ಕವಿ, ಜಾಹೀರಾತಿನ ಕಲಾವಿದ, ಪೊವಾಯಿಯ ಐ.ಐ.ಟಿ.ಯಲ್ಲಿ ಅಧ್ಯಾಪಕ. ಭಾರತೀಯ ಲಿಪಿಗಳಿಗೆಲ್ಲ ಕಂಪ್ಯೂಟರಿನಲ್ಲಿ ಸರಿಯಾದ ರೂಪ ಬೇಕೆಂದು ಮೈಕ್ರೋಸಾಫ್ಟಿನವರು ಹೊರಟಾಗ, ಜೋಶಿಯವರು ಜೊತೆಗಾರರೊಡನೆ ಕುಳಿತು ದೇವನಾಗರಿಗೆ ‘ಮಂಗಲ್’, ತಮಿಳಿಗೆ ‘ಲತಾ’, ತೆಲುಗಿಗೆ ‘ಗೌತಮಿ’ ಎಂಬ ಅಕ್ಷರಮಾಲೆಗಳನ್ನು ಮಾಡಿಕೊಟ್ಟರು. ಕನ್ನಡಕ್ಕೆ ಮಾಡಿದ್ದರ ಹೆಸರು ‘ತುಂಗಾ’. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯೊಡನೆ ಅದು ಲೋಕದ ಮೇಜುಮೇಜಿಗೂ ಹೋಯಿತು. ಶಿವಮೊಗ್ಗೆಯ ಕಡೆಯವರು ನಾವು; ನಮ್ಮ ಹೊಳೆಯ ಹೆಸರನ್ನು ಹೊತ್ತ ಅಕ್ಷರಗಳು ಮರಾಠಿ ಕವಿಯೊಬ್ಬನ ಕೈಯಲ್ಲಿ ಅರಬ್ಬೀ ಸಮುದ್ರದ ತೀರದಲ್ಲಿ ಹುಟ್ಟಿದವು ಎಂಬುದನ್ನು ನೆನೆದಾಗಲೆಲ್ಲ ನಮಗೆ ಹಿಗ್ಗು. ಈಚೆಗೆ 2022ರಲ್ಲಿ ಮುಂಬಯಿಯವರೇ ಆದ ‘ಏಕ್ ಟೈಪ್’ ಬಳಗ ‘ಅನೇಕ್’ ಎಂಬ ಅಕ್ಷರಕುಟುಂಬವನ್ನು ಹೊರತಂದಿತು. ಅದರಲ್ಲಿಯೂ ಕನ್ನಡ ಉಂಟು, ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದು. ಅಂದಮೇಲೆ ಅಕ್ಷರಗಳಿಗೆ ಅಂಗಿ ಹೊಲಿಯುವ ದರ್ಜಿಗಳಿಗೆ ಈ ಊರಿನಲ್ಲಿ ಕೊರತೆಯಿಲ್ಲ. ಅಂಗಿ ತೊಟ್ಟು ಅವು ಹೋಗಬೇಕಾದದ್ದು ಎಲ್ಲಿಗೆ? ಅದು ಪ್ರಶ್ನೆ.

ಬೀದಿಗೆ ಎನ್ನುವಂತಿಲ್ಲ. ಬೀದಿ ಮರಾಠಿಯದು. 2022ರಲ್ಲಿ ರಾಜ್ಯದವರು ಮಾಡಿದ ತಿದ್ದುಪಡಿಯ ಮೇಲೆ ಸಣ್ಣ ದೊಡ್ಡ ಅಂಗಡಿಗಳೆಲ್ಲ ಹಲಗೆಯಲ್ಲಿ ಮರಾಠಿ ಬರೆಸಲೇಬೇಕಾಯಿತು. ನೆಲದ ಭಾಷೆಗೆ ಆ ಮರ್ಯಾದೆ ಸಲ್ಲತಕ್ಕದ್ದೇ. ಹಾಗಾದರೆ ಕನ್ನಡಕ್ಕೆ ಉಳಿಯುವುದು ಸಂಘ ಮತ್ತು ಮನೆ. ಸಂಘಗಳು ತಮ್ಮ ಪಾಲನ್ನು ಮಾಡುತ್ತಲೇ ಬಂದಿವೆ. ಮಾಟುಂಗದ ಮೈಸೂರು ಅಸೋಸಿಯೇಷನ್ 1926ರಲ್ಲಿ ಹುಟ್ಟಿತು, ಕರ್ನಾಟಕ ಸಂಘ 1933ರಲ್ಲಿ. ಮಾತು ಇನ್ನು ಮನೆಯದು.

ಮನೆಯ ಮಾತು ಬಂದಾಗ ಮಗಳ ಮಾತು ಬರುತ್ತದೆ. ಹನ್ನೊಂದು ವರ್ಷ. ಕನ್ನಡ ಚೆನ್ನಾಗಿ ಆಡುತ್ತಾಳೆ, ಜಗಳವನ್ನಂತೂ ಕನ್ನಡದಲ್ಲೇ ಆಡುತ್ತಾಳೆ. ಓದು ಮಾತ್ರ ಬಾರದು. ನಮ್ಮ ಮೇಜಿನ ಮೇಲೆ ಬಿದ್ದಿರುವ ಅಕ್ಷರಗಳನ್ನು ನೋಡಿ ‘ಕ’ದ ಸೊಂಟ, ‘ಜ’ದ ಬಾಲ ಎಂದು ಚಿತ್ರದ ಹಾಗೆ ತಿದ್ದಿ ಬಣ್ಣ ತುಂಬುತ್ತಾಳೆ, ಅಂಗಿಯ ಮೇಲೆ ಬರೆದುಕೊಂಡು ಗೆಳತಿಯರಿಗೆ ತೋರಿಸುತ್ತಾಳೆ. ಒಂದು ದಿನ ಸಂಘದಲ್ಲಿ ಹಿರಿಯರಾದ ರಾಯರೊಬ್ಬರು ಆ ಅಂಗಿಯನ್ನು ನೋಡಿ ನಮ್ಮನ್ನು ಪಕ್ಕಕ್ಕೆ ಕರೆದರು.

“ಚಿತ್ರ ಚೆನ್ನಾಗಿದೆ. ಆದರೆ ಓದಲು ಬಾರದ ಅಕ್ಷರ ರಂಗೋಲಿಯಲ್ಲವೆ? ಇದೆಲ್ಲ ಸಿನೆಮಾ ಷೋಕಿ. ಇದರಿಂದ ಭಾಷೆ ಉಳಿಯುತ್ತದೆಯೆ?”

ಮಾತು ಖಾರವಾಗಿದ್ದರೂ ಅದರಲ್ಲಿ ಅರ್ಧ ಸತ್ಯವಿತ್ತು. ಓದಲು ಬಾರದ ಅಕ್ಷರ ರಂಗೋಲಿಯೇ. ಇನ್ನರ್ಧವನ್ನು ನಾವು ಒಪ್ಪಲಿಲ್ಲ. ಸಿನೆಮಾ ಷೋಕಿಯನ್ನು ಮಾಟುಂಗದಲ್ಲಿ ನಿಂತು ಹಳಿಯುವುದು ಸುಲಭವಲ್ಲ. ಬೆಂಗಳೂರಿನಲ್ಲಿ 1925ರಲ್ಲಿ ಹುಟ್ಟಿದ ಗುರುದತ್ತರು ಕೈಯಲ್ಲಿ ಕೆಲಸವಿಲ್ಲದೆ ತಿಂಗಳುಗಟ್ಟಲೆ ತಾಯಿಯ ಜೊತೆಗೆ ಇದ್ದುದು ಇದೇ ಮಾಟುಂಗದಲ್ಲಿ. ಆ ಬಿಡುವಿನಲ್ಲಿ ಬರೆದಿಟ್ಟ ಕಥೆಯೇ ಬೆಳೆದು 1957ರಲ್ಲಿ ‘ಪ್ಯಾಸಾ’ ಆಯಿತೆಂದು ಹೇಳುತ್ತಾರೆ. ಉದ್ಯೋಗವಿಲ್ಲದವನು ತನಗೆ ತಾನೇ ಉದ್ಯೋಗ ಕೊಟ್ಟುಕೊಂಡದ್ದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಮೈಸೂರಿನಿಂದ ಬಂದ ಆರ್.ಕೆ. ಲಕ್ಷ್ಮಣರು ಈ ನಗರದಲ್ಲಿ ಕೂತು ದೇಶಕ್ಕೆಲ್ಲ ನಗೆಯನ್ನು ಹಂಚಿದರು. ಶಂಕರನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ 1980ರ ದಶಕದಲ್ಲಿ ದೂರದರ್ಶನದಲ್ಲಿ ಬಂದಾಗ ಶೀರ್ಷಿಕೆಗೆ ಬಂದದ್ದು ಅವರ ಗೆರೆಗಳೇ. ಹಿಂದಿಯಲ್ಲಿ ಮಾತಾಡಿದ ಆ ಊರನ್ನು ನೋಡಿ ನಮ್ಮ ಮಗಳು, “ಅಪ್ಪ, ಈ ಮನೆ ಎಲ್ಲಿದೆ?” ಎಂದು ಕೇಳಿದಳು. ಆಗುಂಬೆ ಎಂದೆವು. ಅಜ್ಜಿಯ ತೀರ್ಥಹಳ್ಳಿಯ ತಾಲೂಕೇ ಎಂದು ತಿಳಿದ ಮೇಲೆ ಅಜ್ಜಿಯ ಮೇಲಿನ ಗೌರವ ಅವಳಿಗೆ ಒಂದು ಮೊಳ ಏರಿತು. ಷೋಕಿಯ ಬಾಗಿಲಿನಿಂದಲೂ ಊರಿಗೆ ಹೋಗಬಹುದು. ಹೋದವರು ಅಲ್ಲಿ ಏನು ಮಾಡುತ್ತಾರೆ ಎಂಬುದು ಮುಖ್ಯ.

ಅವಳು ಮೊದಲು ಓದಿದ ಅಕ್ಷರವೂ ಷೋಕಿಯ ಬಾಗಿಲಿನಿಂದಲೇ ಬಂದದ್ದು. ವಾಚಕರಲ್ಲಿ ಹಿರಿಯರಾದವರು ಇದನ್ನು ನಂಬಲಾರರು. ಅಂತರಜಾಲದಲ್ಲಿ ಕನ್ನಡದ ಗಂಧವೂ ಇಲ್ಲದ ದೇಶಗಳ ಜನ ನಮ್ಮ ‘ಠ’ವನ್ನು ಎತ್ತಿಕೊಂಡು ಮುಖ ಮಾಡಿಬಿಟ್ಟಿದ್ದಾರೆ. ಎರಡು ‘ಠ’ಗಳನ್ನು ಇಟ್ಟು ನಡುವೆ ಅಡ್ಡಗೆರೆ ಎಳೆದರೆ ಆಯಿತು: ಠ_ಠ. ತಲೆಕಟ್ಟೇ ಹುಬ್ಬು, ಸೊನ್ನೆಯೇ ಕಣ್ಣು, ಒಳಗಿನ ಚುಕ್ಕೆಯೇ ಪಾಪೆ. “ನೀನು ಮಾಡಿದ್ದು ನಮಗೆ ಹಿಡಿಸಲಿಲ್ಲ” ಎಂದು ದುರುಗುಟ್ಟಿ ನೋಡುವ ಮುಖವದು. ಮಗಳು ಇದನ್ನು ಗೆಳತಿಯರೊಡನೆ ನಿತ್ಯ ಬಳಸುತ್ತಿದ್ದಳು, ಅದು ತನ್ನ ತಾಯ್ನುಡಿಯ ಅಕ್ಷರವೆಂದು ತಿಳಿಯದೆಯೇ. ಅಡಿಗೆಮನೆಯ ಡಬ್ಬಿಗಳಿಗೆ ನಮ್ಮಾಕೆಯ ಆಜ್ಞೆಯಂತೆ ನಾವು ಕನ್ನಡದಲ್ಲಿ ಚೀಟಿ ಬರೆದು ಅಂಟಿಸಿದ್ದೆವು: ಮೆಂತ್ಯ, ಸಾಸಿವೆ, ಜೀರಿಗೆ, ಶುಂಠಿ. ಒಂದು ಬೆಳಿಗ್ಗೆ ಅವಳು ಶುಂಠಿಯ ಡಬ್ಬಿ ಹಿಡಿದು ಓಡಿ ಬಂದಳು.

“ಅಪ್ಪ, ಇದರಲ್ಲಿ ಒಂದೇ ಕಣ್ಣಿದೆ!”

ಅಂದಿನಿಂದ ಒಂಟಿಕಣ್ಣಿನ ಬೇಟೆ ಮೊದಲಾಯಿತು. ಪಾಠ, ಮಠ, ಕಂಠ, ಹಠ. ನಮ್ಮಾಕೆ ಜಾಣೆ. ಅವಳು ಪಾಠ ಹೇಳಲಿಲ್ಲ, ಕೆಲಸ ಹೇಳಿದಳು. “ಸಾಸಿವೆ ತಾ, ಮೆಂತ್ಯ ತಾ, ಜೀರಿಗೆ ತಾ.” ಮುಚ್ಚಳ ತೆರೆಯದೆ ತರಬೇಕೆಂಬುದು ನಿಯಮ. ಒಗ್ಗರಣೆಗೆ ಎಣ್ಣೆ ಕಾದಿರುವಾಗ ಮಗು ಎಷ್ಟು ಬೇಗ ಓದುತ್ತದೆ ಎಂಬುದನ್ನು ಯಾವ ಶಾಲೆಯವರೂ ಪರೀಕ್ಷಿಸಿ ನೋಡಿಲ್ಲ. ಒಂದು ಮಳೆಗಾಲ ಕಳೆಯುವುದರೊಳಗೆ ಡಬ್ಬಿಗಳೆಲ್ಲ ಅವಳಿಗೆ ವಶವಾದವು. ನಾವು ಕೈಯಲ್ಲಿ ಕುಂಚ ಹಿಡಿದು ಎಷ್ಟು ಅಲಂಕಾರ ಮಾಡಿದರೂ ಆಗದಿದ್ದದ್ದು ಒಂದು ಒಗ್ಗರಣೆಯಿಂದ ಆಯಿತು. ಅಕ್ಷರ ಚಂದವಾಗಿದ್ದುದರಿಂದ ಅವಳು ಹತ್ತಿರ ಬಂದಳು, ಅದರಿಂದ ಕೆಲಸವಾಗುತ್ತದೆಂದು ಕಂಡದ್ದರಿಂದ ಜೊತೆಯಲ್ಲಿ ಉಳಿದಳು.

ಇದು ಇಷ್ಟಕ್ಕೇ ನಿಂತಿದ್ದರೆ ಮನೆಯ ತಮಾಷೆಯಾಗಿ ಮುಗಿಯುತ್ತಿತ್ತು. ಆದರೆ ತೀರ್ಥಹಳ್ಳಿಯಲ್ಲಿರುವ ನಮ್ಮ ತಾಯಿಯವರಿಗೆ ಎರಡು ವರ್ಷದಿಂದ ಕಿವಿ ಕೇಳುವುದು ಕಡಿಮೆಯಾಗುತ್ತ ಬಂದು, ಈಗ ಫೋನಿನಲ್ಲಿ ಮಾತು ನಡೆಯುವುದಿಲ್ಲ. ಮೊದಲು ಪ್ರತಿ ಭಾನುವಾರ ಅಜ್ಜಿ ಮೊಮ್ಮಗಳು ಅರ್ಧ ಗಂಟೆ ಹರಟುತ್ತಿದ್ದರು. ಬರಬರುತ್ತ ಅದು “ಊಟ ಆಯ್ತಾ?” ಎಂದು ಇವಳು ಮೂರು ಸಲ ಕೂಗುವುದಕ್ಕೂ, “ಹೂಂ, ಮಳೆ ಬಂತು” ಎಂದು ಅವರು ಉತ್ತರಿಸುವುದಕ್ಕೂ ಇಳಿಯಿತು. ಕಿವಿಗೆ ಹಾಕುವ ಯಂತ್ರ ತಂದುಕೊಟ್ಟೆವು. ಗೊರಗೊರ ಸದ್ದು ಬರುತ್ತದೆಂದು ತೆಗೆದಿಟ್ಟರು. ಒಂದು ಭಾನುವಾರ ಮಗಳು ಫೋನನ್ನು ನಮ್ಮ ಕೈಗೆ ಕೊಟ್ಟು ಸುಮ್ಮನೆ ಒಳಗೆ ಹೋದಳು. ಅಂದು ನಮಗೆ ರಾಯರ ಪ್ರಶ್ನೆಯ ಭಾರ ತಿಳಿಯಿತು. ಆಡುವ ಕನ್ನಡ ಒಂದು ಕಿವಿಯ ಆಸರೆಯಲ್ಲಿ ನಿಂತಿತ್ತು. ಕಿವಿ ಹೋದರೆ ಅಜ್ಜಿಗೂ ಮೊಮ್ಮಗಳಿಗೂ ನಡುವೆ ಉಳಿಯುವುದು ಬರೆವಣಿಗೆಯೊಂದೇ.

ಡಬ್ಬಿಗಳನ್ನು ಓದಬಲ್ಲವಳು ಕಾಗದ ಬರೆಯಲಾರಳೆ? ಕೂರಿಸಿದೆವು. ಮೊದಲನೆಯ ಕಾಗದ ಐದು ಸಾಲು; ಮೂರು ಸಂಜೆ ಹಿಡಿಯಿತು. ಒತ್ತುಗಳು ಕೆಲವು ಬಲಕ್ಕೆ ಜಾರಿದ್ದವು, ದೀರ್ಘಗಳು ಬೇಕಾದಲ್ಲಿ ಇರದೆ ಬೇಡವಾದಲ್ಲಿ ಬಂದಿದ್ದವು. ತಿದ್ದಲು ಕೈ ತುರಿಸಿದರೂ ನಾವು ಮುಟ್ಟಲಿಲ್ಲ. ಹಾಳೆಯ ಸುತ್ತ ಮಾವಿನ ತೋರಣ ಬರೆದು, ಕೊನೆಗೆ, ಅಜ್ಜಿ ಈ ಸಲ ದೀಪಾವಳಿಗೆ ಬರಲಿಲ್ಲವೆಂಬ ಸಿಟ್ಟಿಗೆ ತನ್ನ ಹೆಸರಿನ ಕೆಳಗೆ ಎರಡು ‘ಠ’ ಮತ್ತು ಒಂದು ಅಡ್ಡಗೆರೆ ಹಾಕಿ, ಅಂಚೆಗೆ ಹಾಕಿ ಬಂದಳು.

ಹದಿನೈದು ದಿನಕ್ಕೆ ಉತ್ತರ ಬಂತು. ತಾಯಿಯವರದು ಪದಕ್ಕೆ ಪದ ಅಂಟಿಸಿ ಬರೆಯುವ ಹಳೆಯ ಕೈ. ‘ಮ’ ಯಾವುದು ‘ಯ’ ಯಾವುದು ಎಂದು ಹೇಳಲು ನಮಗೇ ತಡವಾಗುತ್ತದೆ. ಮಗಳು ಯಾರ ಸಹಾಯವನ್ನೂ ಕೇಳದೆ ಬೆರಳಿಟ್ಟು ಓದತೊಡಗಿದಳು. ಹಲಸಿನ ಮರದ ಕೊಂಬೆ ಬಿದ್ದದ್ದು, ಹೊಳೆಯಲ್ಲಿ ನೀರು ಇಳಿದದ್ದು, ಕರುವಿಗೆ ಹೆಸರಿಡಲು ಮೊಮ್ಮಗಳಿಗಾಗಿ ಕಾದಿರುವುದು, ಎಲ್ಲವೂ ಒಂದೊಂದಾಗಿ ಹೊರಬಂತು. ಓದಿ ಮುಗಿಸಲು ಒಂದು ಗಂಟೆ ಹಿಡಿಯಿತು. ಫೋನಿನ ಅರ್ಧ ಗಂಟೆಗಿಂತ ಹೆಚ್ಚೇ ಆಯಿತಲ್ಲವೆ?

ಕೊನೆಯ ಸಾಲಿಗೆ ಬಂದಾಗ ಅವಳು ಬಿದ್ದು ಬಿದ್ದು ನಕ್ಕಳು. ಅಜ್ಜಿ ಬರೆದಿದ್ದರು: “ನಿನ್ನ ಹೆಸರಿನ ಕೆಳಗೆ ಠ ಠ ಎಂದು ಏಕೆ ಬರೆದಿದ್ದೀಯೆ ಮಗು? ಯಾವ ಶಬ್ದ ಅದು? ನನಗೆ ಗೊತ್ತಿಲ್ಲ, ಸರಿಯಾಗಿ ತಿಳಿಸಿ ಬರೆ.”

ತಿಳಿಸಿ ಬರೆಯಲು ಹಾಳೆ ಹಿಡಿದು ಕೂತಿದ್ದಾಳೆ. ‘ಹುಬ್ಬು’ ಎಂಬುದಕ್ಕೆ ಬ-ಒತ್ತು ಎಲ್ಲಿ ಬರುತ್ತದೆ ಎಂದು ಈಗತಾನೆ ಕೇಳಿದಳು.