ಮೂರು ಕಿಲೋ ಚಿತ್ರಶಾಲೆ

ಬಯಲಿನಲ್ಲಿ ಕುಳಿತು ಚಿತ್ರ ಬರೆಯುವ ಚಟವುಳ್ಳವನಿಗೆ ಮೊದಲು ಬೇಕಾದದ್ದು ಕಣ್ಣು, ಆಮೇಲೆ ಕೈ ಎಂದು ಲೋಕವೆಲ್ಲ ತಿಳಿದಿದೆ. ಇಪ್ಪತ್ತೈದು ವರ್ಷಗಳ ಅನುಭವದ ಮೇಲೆ ನಾನು ಹೇಳುವುದು ಬೇರೆ. ಮೊದಲು ಬೇಕಾದದ್ದು ಭುಜ. ಕಣ್ಣು ಮಂದವಾದರೆ ಕನ್ನಡಕ ಹಾಕಿಕೊಳ್ಳಬಹುದು. ಕೈ ನಡುಗಿದರೆ ‘ಇದು ನವ್ಯ’ ಎಂದು ಹೇಳಿ ಪಾರಾಗಬಹುದು. ಭುಜವೇ ಕೈಕೊಟ್ಟರೆ ಹೊಸ್ತಿಲು ದಾಟುವ ಮಾತೇ ಇಲ್ಲ.

ಕಳೆದ ದೀಪಾವಳಿಯ ಹೊತ್ತಿಗೆ ನನ್ನ ಬಲಭುಜದ ಕೀಲು ಬಿಗಿದುಕೊಂಡಿತು. ಅಂಗಿ ತೊಡುವುದೇ ಒಂದು ಆಸನವಾಯಿತು. ಡಾಕ್ಟರು ಕೈಯನ್ನು ಅತ್ತಿತ್ತ ತಿರುಗಿಸಿ ನೋಡಿ, “ಭಾರ ಏನಾದರೂ ಹೊರುತ್ತೀರಾ?” ಎಂದು ಕೇಳಿದರು. ಭಾನುವಾರಗಳಂದು ಚಿತ್ರ ಬರೆಯಲು ಹೊರಗೆ ಹೋಗುವೆನೆಂದೂ, ಕೊಂಚ ಸಾಮಾನು ಜೊತೆಗಿರುವುದೆಂದೂ ಹೇಳಿದೆ. “ಕೊಂಚ ಅಂದರೆ ಎಷ್ಟು?” ಅದು ನನಗೂ ತಿಳಿದಿರಲಿಲ್ಲ. “ಮೂರು ಕಿಲೋ ಮೀರಬಾರದು, ಅದೂ ಎಡಭುಜದಲ್ಲಿ” ಎಂದು ಚೀಟಿ ಬರೆದುಕೊಟ್ಟರು.

ಮಾರನೆಯ ದಿನ ಹಳೇ ಪೇಪರಿನವನು ಬಂದಿದ್ದಾಗ ನನ್ನ ಸಾಮಾನನ್ನೆಲ್ಲ ಅವನ ಸ್ಪ್ರಿಂಗ್ ತಕ್ಕಡಿಗೆ ನೇತುಹಾಕಿಸಿದೆ. ಮರದ ಪೆಟ್ಟಿಗೆ ಈಸಲ್ ಒಂದು: ಇದು ಮಡಿಸಿದರೆ ಪೆಟ್ಟಿಗೆ, ಬಿಚ್ಚಿದರೆ ಮೂರು ಕಾಲಿನ ಪ್ರಾಣಿ. ಅದರ ಹೊಟ್ಟೆಯೊಳಗೆ ಹನ್ನೆರಡು ತೈಲವರ್ಣದ ಟ್ಯೂಬುಗಳು, ಟರ್ಪೆಂಟೈನು, ಅಗಸೆ ಎಣ್ಣೆ, ಚಿಂದಿಬಟ್ಟೆ. ಜೊತೆಗೆ ಎರಡು ಕ್ಯಾನ್ವಾಸ್ ಹಲಗೆ, ಮಡಿಸುವ ಸ್ಟೂಲು, ಕೊಡೆ, ನೀರು. ಒಟ್ಟು ಹನ್ನೊಂದು ಕಿಲೋ ಇನ್ನೂರು ಗ್ರಾಂ. ಆತ ಮುಳ್ಳನ್ನು ನೋಡಿ ಗಂಭೀರವಾಗಿ, “ಯಾವ ರೇಟಿಗೆ ಹಾಕೋಣ ಸಾರ್, ಪೇಪರಿಗೋ ಕಬ್ಬಿಣಕ್ಕೋ?” ಎಂದ.

“ಇನ್ನು ಮೇಲೆ ಮನೆಯಲ್ಲೇ ಕೂತು ಬರೀರಿ. ಫೋನಿನಲ್ಲಿ ಫೋಟೋ ತೆಗೆದುಕೊಂಡು ಬಂದರೆ ಆಯಿತಲ್ಲ” ಎಂದಳು ನನ್ನ ಮನೆಯಾಕೆ. ಮಗನೂ ಅದನ್ನೇ ಹೇಳಿದ. ಸಲಹೆಯೇನೋ ನ್ಯಾಯವಾದದ್ದೇ. ಆದರೆ ಫೋಟೋದಲ್ಲಿ ಹುಣಸೆಮರದ ನೆರಳು ಕರ್ರಗೆ ಒಂದೇ ಮುದ್ದೆಯಾಗಿರುತ್ತದೆ. ಮರದೆದುರು ಹತ್ತು ನಿಮಿಷ ಕುಳಿತರೆ ಆ ನೆರಳಿನೊಳಗೆ ನೀಲಿ ಕಾಣುತ್ತದೆ, ನೆಲದ ಕೆಂಪು ಮೇಲೆ ಹಾರಿ ಎಲೆಯ ಅಡಿಗೆ ಹತ್ತಿಕೊಂಡಿರುವುದು ಕಾಣುತ್ತದೆ, ಅಲ್ಲೊಬ್ಬ ಮಲಗಿರುವುದೂ ಕಾಣುತ್ತದೆ. ಬಿಸಿಲು ನಿಲ್ಲುವುದಿಲ್ಲ; ಎರಡು ಗಂಟೆಯಲ್ಲಿ ನೆರಳು ಗೋಡೆಯನ್ನೇ ದಾಟಿಬಿಡುತ್ತದೆ. ಆ ಓಟದ ಹಿಂದೆ ಓಡುವುದೇ ಈ ಆಟ. ಮನೆಯಲ್ಲಿ ಕುಳಿತು ಫೋಟೋ ನಕಲು ಮಾಡುವುದಾದರೆ ನಾನು ನಿವೃತ್ತನಾದದ್ದು ಏತಕ್ಕೆ? ನಕಲು ತೆಗೆಯುವ ಕೆಲಸವನ್ನು ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಮಾಡಿದ್ದಾಗಿದೆ.

ಹೀಗೆ, ಹನ್ನೊಂದರಲ್ಲಿ ಎಂಟನ್ನು ಕಳೆಯುವ ಲೆಕ್ಕ ನನ್ನೆದುರಿಗೆ ನಿಂತಿತು.

ಮೊದಲು ಹೋದದ್ದು ತೈಲವರ್ಣ. ಬೇಸರವಾಗದೆ ಇರಲಿಲ್ಲ. ಬಯಲ ಚಿತ್ರಕಾರನ ಸ್ವಾತಂತ್ರ್ಯ ಹುಟ್ಟಿದ್ದೇ ಆ ಟ್ಯೂಬಿನಿಂದ. ಅದಕ್ಕೆ ಮೊದಲು ಐರೋಪ್ಯ ಚಿತ್ರಕಾರರು ಅರೆದ ಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿಡುತ್ತಿದ್ದರು; ಮೊಳೆಯಿಂದ ತೂತು ಮಾಡಿ ಹಿಂಡಬೇಕು, ತೂತನ್ನು ಮತ್ತೆ ಮುಚ್ಚಬೇಕು; ದಾರಿಯಲ್ಲಿ ಒಡೆದರೆ ಅಂಗಿಯೇ ಚಿತ್ರ. ಲಂಡನ್ನಿನಲ್ಲಿದ್ದ ಜಾನ್ ಗಾಫ್ ರ‍್ಯಾಂಡ್ ಎಂಬ ಅಮೆರಿಕದ ಚಿತ್ರಕಾರ 1841ರಲ್ಲಿ ತವರದ ಟ್ಯೂಬಿಗೆ ಪೇಟೆಂಟು ಪಡೆದ. ಇತ್ತ ರೈಲೂ ಬಂತು. ಅತ್ತ ಫ್ರಾನ್ಸಿನ ಚಿತ್ರಕಾರರು ಪೆಟ್ಟಿಗೆ ಹೊತ್ತು ಹೊಲಗದ್ದೆಗಳಿಗೆ, ನದಿಯ ದಡಗಳಿಗೆ ಹೊರಟೇಬಿಟ್ಟರು. ಇಂದು ಹಲ್ಲುಜ್ಜುವ ಪೇಸ್ಟಿನ ಟ್ಯೂಬನ್ನು ಹಿಂಡುವವರೆಲ್ಲ ಆ ಮಹಾನುಭಾವನಿಗೆ ಋಣಿಗಳೇ.

ಆದರೂ ತೈಲದ ಕಷ್ಟ ಹೋಗುವಾಗಿಗಿಂತ ಬರುವಾಗ ಹೆಚ್ಚು. ಅಗಸೆ ಎಣ್ಣೆ ನೀರಿನಂತೆ ಆರಿಹೋಗುವುದಲ್ಲ. ಗಾಳಿಯನ್ನು ಹೀರಿ ನಿಧಾನವಾಗಿ ಗಟ್ಟಿಯಾಗುತ್ತದೆ. ಅದಕ್ಕೆ ದಿನಗಟ್ಟಲೆ ಬೇಕು. ಹಸಿ ಚಿತ್ರವನ್ನು ಹಿಡಿದು ಸಂಜೆಯ ಸಿಟಿ ಬಸ್ಸು ಹತ್ತಿದವನ ಸ್ಥಿತಿ, ಮಡಿಯುಟ್ಟು ಸಂತೆಗೆ ಹೋದವನ ಸ್ಥಿತಿ. ಪಕ್ಕದಲ್ಲಿ ನಿಂತ ಹೆಂಗಸರ ಸೀರೆಯ ಮೇಲೆಯೇ ಕಣ್ಣು. ಇನ್ನು ಟರ್ಪೆಂಟೈನಿನಂಥ ಬೆಂಕಿ ಹತ್ತುವ ದ್ರವಕ್ಕೆ ರೈಲಿನಲ್ಲೂ ಪ್ರವೇಶವಿಲ್ಲ, ವಿಮಾನದಲ್ಲೂ ಇಲ್ಲ.

ಜಲವರ್ಣಕ್ಕೆ ಬಂದೆನೆಂದು ಕೇಳಿ ಕೆಲವು ಗೆಳೆಯರು ಸಂತಾಪ ಸೂಚಿಸಿದರು. ತೈಲವೆಂದರೆ ಕಾಲೇಜು, ಜಲವರ್ಣವೆಂದರೆ ಪ್ರಾಥಮಿಕ ಶಾಲೆ ಎಂಬ ಭಾವನೆ ನಮ್ಮಲ್ಲಿದೆ. ಅಂಥವರಿಗೆ ನಾನು ಹೇಳುವುದಿಷ್ಟೆ: ನಮ್ಮ ಕೆ. ವೆಂಕಟಪ್ಪನವರ (1886–1965) ಊಟಿಯ, ಕೊಡೈಕನಾಲಿನ ಚಿತ್ರಗಳನ್ನು ಒಮ್ಮೆ ನೋಡಿ ಬನ್ನಿ. ಆ ಮಂಜು ನೀರಿನಿಂದಲೇ ಬರಬೇಕು, ಎಣ್ಣೆಯಿಂದ ಬರುವಂಥದಲ್ಲ. ಬೆಂಗಳೂರಿನ ಹೂಬಿಟ್ಟ ಮರಗಳನ್ನು ಊರಿನ ಹೊರಗೆ ಒಳಗೆ ಅಲೆದು ಬರೆದ ರುಮಾಲೆ ಚನ್ನಬಸವಯ್ಯನವರಿಗೆ (1910–1988) ಎರಡು ಮಾಧ್ಯಮಗಳೂ ಒಗ್ಗಿದ್ದವು. ಸ್ವಾತಂತ್ರ್ಯ ಹೋರಾಟದಲ್ಲಿದ್ದವರು ಅವರು. ಯಾವುದನ್ನು ಹೊರಬೇಕು, ಯಾವುದನ್ನು ಬಿಡಬೇಕು ಎಂಬುದು ಚೆನ್ನಾಗಿ ತಿಳಿದಿದ್ದಿರಬೇಕು.

ಈಗ ನನ್ನ ಬಣ್ಣದ ಪೆಟ್ಟಿಗೆ ಇನ್ನೂರು ಗ್ರಾಂ. ಹಳೆಯ ಕಾಲದ ತಾಂಬೂಲದ ಡಬ್ಬಿಗಿಂತ ದೊಡ್ಡದಲ್ಲ. ಅದರೊಳಗೆ ಹೆಬ್ಬೆರಳಿನ ಉಗುರಿನಷ್ಟಗಲದ ಪುಟ್ಟ ಗುಳಿಗಳು. ಟ್ಯೂಬಿನಿಂದ ಬಣ್ಣ ಹಿಂಡಿ ಎರಡು ದಿನ ಒಣಗಿಸಿದರೆ ಆಯಿತು. ಒದ್ದೆ ಕುಂಚ ತಾಗಿಸಿದೊಡನೆ ಮತ್ತೆ ಜೀವ ಬರುತ್ತದೆ. ಹನ್ನೆರಡು ಗುಳಿಗಳಿಗೆ ಜಾಗವಿದ್ದರೂ ನಾನು ತುಂಬಿರುವುದು ಆರನ್ನೇ. ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನ್ನಾ ಎಂಬ ಸುಟ್ಟ ಮಣ್ಣಿನ ಕಂದು, ಇವೆರಡಿದ್ದರೆ ಕರ್ನಾಟಕದ ಕಲ್ಲುಬಂಡೆಗಳೆಲ್ಲ ವಶವಾದಂತೆಯೇ. ನೀಲಿ ಮುಂದಾದರೆ ರಾಮನಗರದ ಬೆಳಗಿನ ಬೆಟ್ಟ, ಕಂದು ಮುಂದಾದರೆ ಹಂಪೆಯ ಸಂಜೆ. ಮೂರನೆಯದು ಗ್ಯಾಂಬೋಜ್ ಹಳದಿ. ಕಾಂಬೋಡಿಯ ದೇಶದ ಹೆಸರೇ ಆ ಬಣ್ಣಕ್ಕೆ ಅಂಟಿಕೊಂಡಿದೆ. ಮರದ ಅಂಟಿನಿಂದ ಬರುತ್ತಿದ್ದ ಬಣ್ಣ ಅದು. ನಮ್ಮ ಪಶ್ಚಿಮ ಘಟ್ಟದ ಅರಿಸಿನಗುರ್ಗಿಯೂ ಅದೇ ಬಳಗದ ಮರ. ಈಗ ಅಂಗಡಿಯಲ್ಲಿ ಆ ಹೆಸರಿನಲ್ಲಿ ಸಿಗುವುದು ಬಹುಮಟ್ಟಿಗೆ ಬೇರೆ ದ್ರವ್ಯ. ಹೆಸರು ಉಳಿದು ಸರಕು ಬದಲಾಗುವುದು ನಮಗೇನು ಹೊಸದಲ್ಲ. ಉಳಿದ ಮೂರರ ವಿಷಯ ಬಿಡಿ. ಅವು ಕಾಲಕ್ಕೆ ತಕ್ಕಂತೆ ಬದಲಾಗುತ್ತವೆ. ಗುಲ್‌ಮೊಹರ್ ಬಿಡುವ ತಿಂಗಳಲ್ಲಿ ಒಂದು ಕೆಂಪಿಗೆ ಬಡ್ತಿ ಸಿಗುತ್ತದೆ. ಸಿದ್ಧ ಹಸಿರನ್ನು ಮಾತ್ರ ನಾನು ಒಯ್ಯುವುದಿಲ್ಲ. ಅದನ್ನು ಹಾಗೆಯೇ ಬಳಿದರೆ ಮಾವಿನ ಮರಕ್ಕೂ ರೇಷನ್ ಅಂಗಡಿಯ ಬಾಗಿಲಿಗೂ ಭೇದವಿರುವುದಿಲ್ಲ. ಬಿಳಿಯೂ ಬೇಡ; ಅದು ಕಾಗದದಲ್ಲೇ ಇದೆ.

ಕುಂಚಗಳು ಮೂರು. ಹಿಂದೆ ನಮ್ಮಲ್ಲಿ ಮುಂಗುಸಿಯ ಕೂದಲಿನ ಕುಂಚ ಹೇರಳವಾಗಿ ಸಿಗುತ್ತಿತ್ತು. ಈಗ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅದರ ವ್ಯಾಪಾರ ಅಪರಾಧ; ಯಾರಾದರೂ ಕೊಟ್ಟರೂ ಕೊಳ್ಳಬಾರದು. ನೈಲಾನಿನ ಕುಂಚವೇ ನನಗೆ ಸಾಕು. ಚೀಲದಲ್ಲಿ ಮೂತಿ ಮುರಿಯದ ಹಾಗೆ ಪುಟ್ಟ ಬಿದಿರ ಚಾಪೆಯೊಂದರಲ್ಲಿ ಸುತ್ತಿಟ್ಟುಕೊಳ್ಳುತ್ತೇನೆ.

ಕಾಗದದಲ್ಲಿ ಜಿಪುಣತನ ಕೂಡದು. ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಕಾಗದ ಬೇಕು. ತೆಳುವಾದರೆ ನೀರು ಬಿದ್ದೊಡನೆ ಹಪ್ಪಳದಂತೆ ಏಳುತ್ತದೆ. ದೊಡ್ಡ ಹಾಳೆಯ ಕಾಲುಭಾಗ, ಎಂದರೆ ಸುಮಾರು 28ಕ್ಕೆ 38 ಸೆಂಟಿಮೀಟರಿನ ತುಂಡು, ಮೂವತ್ತೆರಡು ಗ್ರಾಂ ಆಗುತ್ತದೆ. ನಾಲ್ಕು ಒಯ್ಯುತ್ತೇನೆ. ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ಎರಡು, ಆಸೆಗೆ ಎರಡು.

ಅದನ್ನು ಅಂಟಿಸುವ ಹಲಗೆಯದೊಂದು ಕಥೆ. ಪ್ಲೈವುಡ್ಡು ನಾನೂರು ಗ್ರಾಂ ದಾಟಿತು. ಬದಲಿಗೆ ಏನು ಎಂದು ಯೋಚಿಸುತ್ತಿದ್ದಾಗ ನಮ್ಮ ಎದುರುಮನೆಗೆ ಬಾಡಿಗೆದಾರರು ಬಂದರು. ಗೇಟಿಗೆ ತೂಗುಹಾಕಿದ್ದ ಬೋರ್ಡನ್ನು ಯಜಮಾನರು ತೆಗೆದು ಎಸೆಯುವುದರಲ್ಲಿದ್ದರು. ಒಳಗೆ ಪೊಳ್ಳು ಸಾಲುಗಳಿರುವ ಪ್ಲಾಸ್ಟಿಕ್ ಹಾಳೆ ಅದು, ನೂರಹತ್ತು ಗ್ರಾಂ, ನೀರಿಗೆ ಜಗ್ಗುವುದಿಲ್ಲ. ಬೇಡಿ ತಂದೆ. ಒಂದೇ ತೊಡಕೆಂದರೆ, ನಾನು ತೊಡೆಯ ಮೇಲೆ ಅದನ್ನು ಓರೆಯಾಗಿ ನಿಲ್ಲಿಸಿಕೊಂಡು ಬರೆಯುತ್ತಿದ್ದರೆ ಎದುರಿನಿಂದ ಬರುವವರಿಗೆ ಚಿತ್ರ ಕಾಣುವುದಿಲ್ಲ. ‘ಮನೆ ಬಾಡಿಗೆಗಿದೆ’ ಎಂದು ಕಾಣುತ್ತದೆ.

ಹೊಸ ಚೀಲದೊಡನೆ ಮೊದಲು ಹೋದದ್ದು ಮೇಲುಕೋಟೆಗೆ. ಕಲ್ಯಾಣಿಯ ಮೆಟ್ಟಿಲ ಮೇಲೆ ಕುಳಿತು ಸುತ್ತಲಿನ ಕಂಬದ ಮಂಟಪಗಳನ್ನು ಬರೆಯುತ್ತಿದ್ದೆ. ಯಾತ್ರೆಗೆ ಬಂದಿದ್ದ ಒಬ್ಬರು ಕೆಳಗಿನ ಮೆಟ್ಟಿಲಲ್ಲಿ ನಿಂತು ಬೋರ್ಡನ್ನು ಓದಿ, ಮಂಟಪವನ್ನೊಮ್ಮೆ ನೋಡಿ, “ಅಡ್ವಾನ್ಸ್ ಎಷ್ಟು ಸ್ವಾಮಿ?” ಎಂದು ಕೇಳಿದರು. ಅವರು ತಮಾಷೆಗೆ ಕೇಳಿದರೋ ನಿಜವಾಗಿಯೋ ಇಂದಿಗೂ ಗೊತ್ತಾಗಿಲ್ಲ.

ಜಲವರ್ಣದಲ್ಲಿ ಬಣ್ಣಕ್ಕಿಂತ ಭಾರವಾದದ್ದು ಜಲ. ಒಂದು ಲೀಟರೆಂದರೆ ಒಂದು ಕಿಲೋ, ಅದರಲ್ಲಿ ರಿಯಾಯಿತಿಯಿಲ್ಲ. ಅರ್ಧ ಲೀಟರು ಮಾತ್ರ ಒಯ್ದು, ಮಿಕ್ಕದ್ದಕ್ಕೆ ಊರನ್ನು ನಂಬುತ್ತೇನೆ. ಮೇಲುಕೋಟೆಯಲ್ಲಿ ನೀರು ಮುಗಿದಾಗ ಬೀದಿಯ ಒಂದು ಮನೆಯ ಮುಂದೆ ನಿಂತು ಕೇಳಿದೆ. ಒಳಗಿನಿಂದ ಅಜ್ಜಿಯೊಬ್ಬರು ಚೊಂಬಿನಲ್ಲಿ ನೀರು, ತಟ್ಟೆಯಲ್ಲಿ ಒಂದು ಚೂರು ಬೆಲ್ಲ ತಂದರು. ಬಣ್ಣಕ್ಕೆ ನೀರು ಎಂದು ಹೇಳಲು ಬಾಯಿ ಬರಲಿಲ್ಲ. ಬೆಲ್ಲ ತಿಂದು, ಅರ್ಧ ಕುಡಿದು, ಉಳಿದದ್ದನ್ನು ಬಾಟಲಿಗೆ ಹಾಕಿಕೊಂಡೆ. ಆ ಮನೆಯ ಜಗುಲಿ ಈಗ ನನ್ನ ಬಳಿ ಚಿತ್ರವಾಗಿದೆ. ಹನ್ನೊಂದು ಕಿಲೋ ಹೊತ್ತು ಎಲ್ಲವನ್ನೂ ಒಯ್ಯುತ್ತಿದ್ದ ಕಾಲದಲ್ಲಿ ಯಾರ ಬಾಗಿಲನ್ನೂ ತಟ್ಟುವ ಪ್ರಸಂಗ ಬಂದಿರಲಿಲ್ಲ.

ಬಿಸಿಲು ನೆತ್ತಿಗೇರಿದಾಗ ಬಯಲುಸೀಮೆಯಲ್ಲಿ ಕಾಗದದ ಈ ತುದಿಯಿಂದ ಆ ತುದಿಗೆ ಕುಂಚ ಹೋಗುವಷ್ಟರಲ್ಲಿ ಈ ತುದಿ ಒಣಗಿರುತ್ತದೆ. ನೀರಿಗೆ ನಾಲ್ಕು ಹನಿ ಗ್ಲಿಸರಿನ್ ಬೆರೆಸಿದರೆ ಒಣಗುವುದು ತುಸು ನಿಧಾನವಾಗುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ಇದಕ್ಕೆ ತಿರುಗುಮುರುಗು. ಅಲ್ಲಿ ಏನು ಬೆರೆಸಿದರೂ ಒಣಗುವುದಿಲ್ಲ. ಕಾಗದವನ್ನೂ ಬೂಷ್ಟು ಹಿಡಿಯದಂತೆ ಕಾಯಬೇಕು.

ಸ್ಟೂಲು ಎಂಟುನೂರೈವತ್ತು ಗ್ರಾಂ. ಅರಳಿಕಟ್ಟೆ, ಜಗುಲಿ, ದೇವಸ್ಥಾನದ ಮೆಟ್ಟಿಲು ಇರುವ ನಾಡಿನಲ್ಲಿ ಸ್ಟೂಲು ಏತಕ್ಕೆ ಎಂದು ಅದನ್ನು ಎರಡು ವಾರ ಬಿಟ್ಟು ಹೋದೆ. ಆಗ ಒಂದು ವಿಚಿತ್ರ ಕಂಡಿತು: ಕುಳಿತುಕೊಳ್ಳಲು ಎಲ್ಲಿ ಜಾಗವಿದೆಯೋ ಅಲ್ಲಿಂದ ಕಾಣುವುದಷ್ಟೇ ಚಿತ್ರವಾಗತೊಡಗಿತು. ನನ್ನ ಮಂಡಿಗಳು ಆರಿಸಿದ ದೃಶ್ಯ, ನಾನು ಆರಿಸಿದ್ದಲ್ಲ. ಸ್ಟೂಲು ಮರಳಿ ಚೀಲಕ್ಕೆ ಸೇರಿತು. ಕೊಡೆಯೂ ಉಳಿಯಿತು, ಕರಿಯದೇ. ಬಣ್ಣದ ಕೊಡೆ ಕಾಗದಕ್ಕೂ ತನ್ನ ಬಣ್ಣ ಹಚ್ಚುತ್ತದೆ. ಕೊಡೆಯಿಲ್ಲದೆ ಬಿಸಿಲಿನಲ್ಲಿ ಬಿಳಿ ಕಾಗದವನ್ನು ದಿಟ್ಟಿಸಿ ಬರೆದರೆ ಚಿತ್ರ ಅಲ್ಲಿ ಸೊಗಸಾಗಿ ಕಂಡು, ಮನೆಗೆ ತಂದಾಗ ಕತ್ತಲೆಕೋಣೆಯಾಗಿರುತ್ತದೆ.

ಚೀಲ ಸೇರಿ ಎಲ್ಲ ಎರಡು ಕಿಲೋ ಏಳುನೂರರವತ್ತು. ಉಳಿದ ಇನ್ನೂರನಲವತ್ತು ಗ್ರಾಮಿನಲ್ಲಿ ಅವಲಕ್ಕಿ ಡಬ್ಬಿ ಕೂರಿಸಿದವಳು ನನ್ನ ಮನೆಯಾಕೆ. ಡಾಕ್ಟರ ಮಾತನ್ನು ಒಂದು ಗ್ರಾಂ ಕೂಡ ಮೀರಿಲ್ಲ.

ನಮ್ಮ ಭಾನುವಾರದ ಗುಂಪಿನಲ್ಲಿ ಒಬ್ಬ ಹಿರಿಯರಿದ್ದಾರೆ, ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟರಾಗಿದ್ದವರು. ಎಂಬತ್ತೊಂದು ವರ್ಷ. ಈಸಲ್ ಎತ್ತಲಾಗುವುದಿಲ್ಲವೆಂದು ನಾಲ್ಕು ವರ್ಷದಿಂದ ಹೊರಗೆ ಬಂದಿರಲಿಲ್ಲ. ನಾವು ಹೊರುತ್ತೇವೆಂದರೆ ಒಪ್ಪುತ್ತಿರಲಿಲ್ಲ. ಮಹಡಿಯ ಬಾಲ್ಕನಿಯಿಂದ ಕಾಣುವ ಪಕ್ಕದ ಮನೆಯ ನೀರಿನ ಟ್ಯಾಂಕನ್ನೇ ಬರೆಯುತ್ತಿದ್ದರು. “ನಲವತ್ತು ಸಲ ಬರೆದಿದ್ದೀನಿ ಕಣಯ್ಯಾ. ಇನ್ನು ಅದೇ ನನ್ನ ಚಿತ್ರ ಬರೀಬೇಕು” ಎಂದಿದ್ದರು ಒಮ್ಮೆ.

ಅವರಿಗೆ ಚೀಲ ತೋರಿಸಲು ಹೋದೆ. ಒಂದೊಂದನ್ನೂ ಹೊರತೆಗೆದು ನೋಡಿದರು. ಬೋರ್ಡಿನ ಬರಹ ಓದಿ ನಕ್ಕರು. ಆಮೇಲೆ ಎಲ್ಲವನ್ನೂ ಒಳಗಿಟ್ಟು, ಎದ್ದು ನಿಂತು, ಚೀಲವನ್ನು ತಮ್ಮ ಹೆಗಲಿಗೆ ಹಾಕಿಕೊಂಡು ಕೋಣೆಯ ಆ ಗೋಡೆಯವರೆಗೆ ನಡೆದು ವಾಪಸು ಬಂದರು.

“ಇಷ್ಟೇನಾ?”

“ಇಷ್ಟೇ ಮೇಷ್ಟ್ರೇ. ನಿಮಗೆ ಇದಕ್ಕೂ ಕಡಿಮೆ ಮಾಡಬಹುದು.”

ಅವರದು ಒಂದು ಕಿಲೋ ಆಗಲಿಲ್ಲ. ಸಣ್ಣ ಪೆಟ್ಟಿಗೆ, ಹಿಡಿಯೊಳಗೇ ನೀರು ತುಂಬಿಕೊಳ್ಳುವ ಒಂದು ಕುಂಚ, ಕಾಲುಹಾಳೆಯನ್ನು ಮತ್ತೆ ನಾಲ್ಕಾಗಿ ಕತ್ತರಿಸಿದ ತುಂಡುಗಳು ಮೂರು, ಒಂದು ರಟ್ಟು. ಕೂರುವುದಕ್ಕೆ ಲಾಲ್‌ಬಾಗಿನ ಬೆಂಚು. ಬೆಳಗ್ಗೆ ಏಳಕ್ಕೆ ಹೋದೆವು. ಕೆಂಪೇಗೌಡರ ಗೋಪುರ ಹೊತ್ತ ಆ ಬಂಡೆಗೆ ಮುನ್ನೂರು ಕೋಟಿ ವರ್ಷ ವಯಸ್ಸೆನ್ನುತ್ತಾರೆ. ಎದುರಿಗೆ ಮೇಷ್ಟರು, ಎಂಬತ್ತೊಂದು. ಬಹಳ ಹೊತ್ತು ಸುಮ್ಮನೆ ನೋಡಿದರು. ಆಮೇಲೆ ನೀಲಿಯನ್ನೂ ಕಂದನ್ನೂ ಕಲಸಿ, ಇಪ್ಪತ್ತು ನಿಮಿಷದಲ್ಲಿ ಒಂದು ಮುಗಿಸಿದರು, ಇನ್ನೊಂದು, ಮತ್ತೊಂದು. ನಾನಿನ್ನೂ ನನ್ನ ಆಕಾಶದಲ್ಲೇ ಇದ್ದೆ.

“ಕಾಗದ ಇದೆಯೇನಯ್ಯಾ ಇನ್ನೊಂದು?” ಎಂದರು ತಲೆಯೆತ್ತದೆ. “ಬೇಗ ಕೊಡು, ಬಿಸಿಲು ಬಂಡೆ ಹತ್ತುತಾ ಇದೆ.”

ಆಸೆಗೆಂದು ಇಟ್ಟುಕೊಂಡಿದ್ದ ಎರಡರಲ್ಲಿ ಒಂದನ್ನು ಕೊಟ್ಟೆ.