ಹೆಸರೊಂದು ತನ್ನನ್ನೇ ಕರೆದರೆ

ಪದಕೋಶವನ್ನು ಅಕಾರಾದಿಯಾಗಿ ಜೋಡಿಸುವ ಸ್ಕ್ರಿಪ್ಟೊಂದನ್ನು ಅನುವಾದದ ಕೆಲಸ ಕೊಟ್ಟವರೇ ಕಳಿಸಿದ್ದರು. ಡೊಂಬಿವಲಿಯ ಮನೆಯಲ್ಲಿ ಕೂತು ಅದನ್ನು ಓಡಿಸಿದಾಗಲೆಲ್ಲ ಬ್ಯಾಶ್ ಶೆಲ್ ಕೊಂಚ ಹೊತ್ತು ಸುಮ್ಮನಿದ್ದು, 'ಸೆಗ್ಮೆಂಟೇಶನ್ ಫಾಲ್ಟ್' ಎಂದು ಸತ್ತುಹೋಗುತ್ತಿತ್ತು. ಬೆಳಿಗ್ಗೆಯೊಳಗೆ ಕೆಲಸ ಮುಟ್ಟಿಸಬೇಕು. ಆ ತಿಂಗಳ ಬಾಡಿಗೆ ಅದರಿಂದಲೇ ಹುಟ್ಟಬೇಕಿತ್ತು.

ಇಂಥಲ್ಲಿ ಮೊದಲ ಅನುಮಾನ ಬೀಳುವುದು ಪಾಪ, ಕನ್ನಡ ಲಿಪಿಯ ಮೇಲೆ. ಬರೀ ಇಂಗ್ಲಿಷ್ ಪದಗಳ ಪಟ್ಟಿ ಕೊಟ್ಟು ನೋಡಿದೆ. ಆಗಲೂ ಬಿತ್ತು. ಬ್ಯಾಶ್‌ಗೆ '-ಎನ್' ಎಂದು ಹೇಳಿದರೆ ಸ್ಕ್ರಿಪ್ಟನ್ನು ಓಡಿಸದೆ ವಾಕ್ಯರಚನೆಯನ್ನಷ್ಟೇ ಪರೀಕ್ಷಿಸುತ್ತದೆ. ವ್ಯಾಕರಣ ಶುದ್ಧವಾಗಿತ್ತು. '-ಎಕ್ಸ್' ಎಂದರೆ ಪ್ರತಿ ಆಜ್ಞೆಯನ್ನೂ ನಡೆಸುವ ಮೊದಲು ತೋರಿಸುತ್ತದೆ. ಪರದೆ ತುಂಬ ಒಂದೇ ಸಾಲು: ಸಾರ್ಟ್, ಸಾರ್ಟ್, ಸಾರ್ಟ್.

ಯಾರೋ 'ಸಾರ್ಟ್' ಎಂಬ ಫಂಕ್ಷನ್ ಬರೆದು, ಅದರೊಳಗೆ 'ಸಾರ್ಟ್' ಆಜ್ಞೆಯನ್ನು ಕರೆದಿದ್ದರು. ಆದರೆ ಹೆಸರು ಒಂದೇ ಆದಾಗ ಶೆಲ್ ಹೊರಗಿನ ಪ್ರೋಗ್ರಾಮಿಗಿಂತ ಮೊದಲು ಫಂಕ್ಷನ್ನನ್ನೇ ಆರಿಸುತ್ತದೆ. ಅದು ತನ್ನನ್ನೇ ಕರೆದು, ಮತ್ತೆ ಕರೆದು, ಕರೆಗಳ ಲೆಕ್ಕವಿಡುವ ಸ್ಟ್ಯಾಕ್ ತುಂಬಿ ಶೆಲ್ ಬಿದ್ದಿತ್ತು. ಬ್ಯಾಶ್ 4.2ರಿಂದ 'ಫಂಕ್‌ನೆಸ್ಟ್' ಎಂಬ ಮಿತಿ ಇಡಬಹುದು. ನಾವಾಗಿ ಇಡದಿದ್ದರೆ ಮಿತಿಯಿಲ್ಲ. ಒಳಗಿನ ಸಾರ್ಟ್‌ಗೆ ಮುಂಚೆ 'ಕಮಾಂಡ್' ಎಂಬ ಒಂದು ಪದ ಸೇರಿಸಿದೆ. ಕೆಲಸ ಮುಗಿಯಿತು.

ಮಾಟುಂಗದ ಉಡುಪಿ ಹೋಟೆಲಿನಲ್ಲಿ 'ಶೆಟ್ರೇ' ಎಂದರೆ ತಿರುಗುವವರು ಗಲ್ಲಾದಲ್ಲಿ ಕೂತವರು. ಬೇರೆ ಶೆಟ್ರು ಬೇಕಿದ್ದರೆ ಊರಿನ ಹೆಸರು ಸೇರಿಸಿ ಕರೆಯಬೇಕು. ಶೆಲ್ಲಿನ ನ್ಯಾಯವೂ ಅಷ್ಟೇ: ಹತ್ತಿರದವರದ್ದೇ ಹೆಸರು. ವ್ಯಾಕರಣ ಸರಿಯಿದ್ದ ಮಾತ್ರಕ್ಕೆ ಮಾತು ತಲುಪಬೇಕಾದವರನ್ನು ತಲುಪುವುದಿಲ್ಲ.